ಬಡಕಲು ಕುದುರೆಗಳ ಓಟ

ದಮಯಂತಿಯ ಎರಡನೆಯ ಸ್ವಯಂವರದ ಸುದ್ದಿ ಬಂದಾಗ ಋತುಪರ್ಣ ಮಹಾರಾಜನಿಗೆ ಉಳಿದಿದ್ದುದು ಒಂದೇ ಹಗಲು. ಅಷ್ಟರೊಳಗೆ ಅಯೋಧ್ಯೆಯಿಂದ ವಿದರ್ಭವನ್ನು ಸೇರಬೇಕು. ಸಾರಥಿ ಬಾಹುಕನು ಲಾಯಕ್ಕೆ ಹೋಗಿ, ನೋಡಿ, ಸವರಿ, ಕಡೆಗೆ ಹಿಡಿದು ತಂದದ್ದು ಬಡಕಲು ಕುದುರೆಗಳನ್ನು. ರಾಜನಿಗೆ ಸಿಟ್ಟು ಬಂದುದು ಸಹಜವೇ. ಕೊಬ್ಬಿದ ಕುದುರೆಗಳು ಲಾಯದ ತುಂಬ ಇರುವಾಗ ಈ ಎಲುಬಿನ ಹಂದರಗಳನ್ನೇಕೆ ತಂದೆ ಎಂದು ಅವನು ಗದರಿದನು. ಬಾಹುಕನ ವೇಷದಲ್ಲಿದ್ದ ನಳನಿಗೆ ಅಶ್ವಹೃದಯ ತಿಳಿದಿದ್ದಿತು. ರಥ ಹೊರಟಿತು. ನಡುದಾರಿಯಲ್ಲಿ ರಾಜನ ಉತ್ತರೀಯ ಜಾರಿ ಬಿದ್ದಿತು. ಅವನು “ನಿಲ್ಲಿಸು” ಎನ್ನುವಷ್ಟರಲ್ಲಿ ಉತ್ತರೀಯವು ಒಂದು ಯೋಜನ ಹಿಂದೆ ಉಳಿದಿದ್ದಿತು. ಕತೆ ಕೇಳಿದವರೆಲ್ಲ ಆ ಉತ್ತರೀಯವನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದಾರೆ. ಕುದುರೆಗಳು ಬಡಕಲಾಗಿದ್ದುವೆಂಬುದನ್ನು ಮರೆತಿದ್ದಾರೆ.

ಮೋಟಾರಿನ ವಿಷಯದಲ್ಲಿಯೂ ಲೋಕದಲ್ಲಿ ಋತುಪರ್ಣನ ಸಂತತಿಯೇ ಹೆಚ್ಚು. ಹೊಸ ಕಾರೊಂದು ಬೀದಿಯಲ್ಲಿ ನಿಂತರೆ ಸಾಕು, ಸುತ್ತ ನೆರೆದವರು ಮೊದಲು ಕೇಳುವ ಪ್ರಶ್ನೆ “ಎಷ್ಟು ಅಶ್ವಶಕ್ತಿ?” ಎಂಬುದು. ಆ ಸಂಖ್ಯೆ ದೊಡ್ಡದಾದರೆ ಕಾರಿಗೆ ಗೌರವ, ಚಿಕ್ಕದಾದರೆ ಮರುಕ. ಕುದುರೆ ಎಷ್ಟಿವೆ ಎಂದು ಕೇಳುವವರು ಅವುಗಳನ್ನು ರಥಕ್ಕೆ ಹೇಗೆ ಹೂಡಿದ್ದಾರೆ ಎಂದು ಕೇಳುವುದಿಲ್ಲ. ಶ್ರೀಮಂತನ ಕಾರಿಗೆ ಆ ಪ್ರಶ್ನೆ ಅಷ್ಟಾಗಿ ಬೇಕಿಲ್ಲ. ಹೂಡುವ ಬಗೆ ಕೆಟ್ಟರೂ ಅಲ್ಲಿ ಕುದುರೆಗಳು ಬೇಕಾದಷ್ಟಿವೆ. ಕೈಯಲ್ಲಿರುವ ಅಲ್ಪ ಹಣದಲ್ಲಿ ಓಟದ ಸುಖವನ್ನು ಬಯಸುವ ಸಾಮಾನ್ಯನಿಗಾದರೋ, ಎಲ್ಲವೂ ಹೂಡುವ ಬಗೆಯಲ್ಲಿಯೇ ಅಡಗಿದೆ.

ಇಂತಹ ಸಾಮಾನ್ಯನನ್ನು ಗಮನದಲ್ಲಿಟ್ಟು 1958ರ ಮೇ 20ರಂದು ಮಾಂಟೆ ಕಾರ್ಲೋದಲ್ಲಿ ಒಂದು ಪುಟ್ಟ ಕಾರನ್ನು ಲೋಕದೆದುರು ನಿಲ್ಲಿಸಿದರು. ಅದರ ಹೆಸರು ಆಸ್ಟಿನ್-ಹೀಲಿ ಸ್ಪ್ರೈಟ್. ಹೊರಬಾಗಿಲಿಗೆ ಹಿಡಿಯಿಲ್ಲ, ಹಿಂಬದಿಯಲ್ಲಿ ಸಾಮಾನಿಗೆಂದು ತೆರೆಯುವ ಮುಚ್ಚಳವಿಲ್ಲ. ದೀಪಗಳು ಮಡಿಸಿಕೊಳ್ಳುವಂತಿರಬೇಕೆಂದು ಮೊದಲು ಯೋಚಿಸಿದ್ದರೂ ಖರ್ಚಿಗೆ ಹೆದರಿ ಅವನ್ನು ಮೂತಿಯ ಮೇಲೆ ಹಾಗೆಯೇ ನೆಟ್ಟುಬಿಟ್ಟರು. ಆದುದರಿಂದ ಜನ ಅದಕ್ಕೆ ಕಪ್ಪೆಗಣ್ಣಿನ ಕಾರೆಂದು ಹೆಸರಿಟ್ಟರು. ತೆರಿಗೆ ಸೇರಿ ಬೆಲೆ 669 ಪೌಂಡು. ಎಂಜಿನು, ಗೇರುಪೆಟ್ಟಿಗೆ ಆಸ್ಟಿನ್ ಎ35 ಎಂಬ ಸಾಧು ಸಂಸಾರಿ ಕಾರಿನವು. ಚುಕ್ಕಾಣಿಯ ಕಟ್ಟು ಮಾರಿಸ್ ಮೈನರಿನದು. ನೆರೆಮನೆಗಳಿಂದ ಒಂದೊಂದು ಪಾತ್ರೆ ತಂದು ಮದುವೆಯ ಅಡಿಗೆ ಮಾಡಿದಂತೆ, ಡೊನಾಲ್ಡ್ ಹೀಲಿ ಮತ್ತು ಅವರ ಸಂಗಡಿಗರು ಆ ಕಾರನ್ನು ಕಟ್ಟಿದರು.

ಅದರ 948 ಘನ ಸೆಂಟಿಮೀಟರಿನ ಎಂಜಿನು ಕೊಡುತ್ತಿದ್ದುದು 43 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 60 ಮೈಲಿಯ ವೇಗಕ್ಕೆ ಬರಲು ಅದು ಸುಮಾರು 20 ಸೆಕೆಂಡು ತೆಗೆದುಕೊಳ್ಳುತ್ತಿದ್ದಿತು. ಇಂದಿನ ಸಾಧಾರಣ ಕುಟುಂಬದ ಕಾರು ಕೂಡ ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಹಾಗಿದ್ದರೂ ಅದನ್ನು ಓಡಿಸಿದವರು ಓಟದ ಕಾರನ್ನು ಓಡಿಸಿದೆವೆಂದೇ ನಂಬಿದರು. ಆ ನಂಬಿಕೆ ಬರಿಯ ಭ್ರಮೆಯಲ್ಲ. ಅದಕ್ಕೆ ಕಾರಣವನ್ನು ಹುಡುಕಬೇಕಾದರೆ ಗೇರಿನ ಹಲ್ಲುಗಳ ನಡುವೆ ಇಣುಕಬೇಕು.

ಗೇರೆಂಬುದು ತಿರುಗುವ ಸನ್ನೆಗೋಲು. ಅದಕ್ಕಿಂತ ಹೆಚ್ಚೇನೂ ಅಲ್ಲ. ಉದ್ದವಾದ ಹಾರೆಯಿಂದ ಬಂಡೆಯನ್ನು ಮೀಟುವವನು ತನ್ನ ಕೈಯನ್ನು ಒಂದು ಮೊಳ ಇಳಿಸಿದರೆ ಬಂಡೆ ಒಂದು ಅಂಗುಲ ಏಳುತ್ತದೆ. ಬಲದಲ್ಲಿ ಲಾಭ, ದೂರದಲ್ಲಿ ನಷ್ಟ. ಒಟ್ಟಿನ ಲೆಕ್ಕದಲ್ಲಿ ಮೋಸವಿಲ್ಲ. ಘಟ್ಟ ಹತ್ತುವ ಬಸ್ಸಿನಲ್ಲಿ ಕುಳಿತವರು ಇದನ್ನು ಕಿವಿಯಿಂದಲೇ ಬಲ್ಲರು. ತಿರುವು ಹತ್ತಿರವಾದಾಗ ಚಾಲಕನು ಗೇರನ್ನು ಇಳಿಸುತ್ತಾನೆ, ಎಂಜಿನು ಹುಯ್ಯಲಿಡುತ್ತದೆ, ಬಸ್ಸು ಮಾತ್ರ ನಡೆಯುವವನಿಗಿಂತ ತುಸು ಬೇಗ ಸಾಗುತ್ತದೆ, ಆದರೆ ನಿಲ್ಲುವುದಿಲ್ಲ. ಎಂಜಿನು ಹಲವು ಸುತ್ತು ಸುತ್ತಿ ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ಅದು ಕೆಳಗಿನ ಗೇರು. ಕಡಿಮೆ ಸುತ್ತಿಗೆ ಚಕ್ರವನ್ನು ಹೆಚ್ಚು ಓಡಿಸಿದರೆ ಅದು ಮೇಲಿನ ಗೇರು.

ಎಂಜಿನಿನಲ್ಲಿ ಎರಡು ಗುಣಗಳನ್ನು ಬೇರೆಬೇರೆಯಾಗಿ ಕಾಣಬೇಕು. ಒಂದು, ಅದು ದಂಡವನ್ನು ತಿರುಚುವ ಬಲ. ಯಂತ್ರಜ್ಞರು ಅದನ್ನು ಟಾರ್ಕ್ ಎನ್ನುತ್ತಾರೆ. ಇನ್ನೊಂದು, ನಿಮಿಷಕ್ಕೆ ಅದು ಸುತ್ತುವ ಸುತ್ತುಗಳ ಸಂಖ್ಯೆ. ಈ ಎರಡರ ಗುಣಾಕಾರವೇ ಅಶ್ವಶಕ್ತಿ. ಆದುದರಿಂದ ಒಂದೇ ಅಶ್ವಶಕ್ತಿಯನ್ನು ಎರಡು ದಾರಿಗಳಿಂದ ಮುಟ್ಟಬಹುದು: ಬಲವಾಗಿ ತಿರುಚಿ ನಿಧಾನವಾಗಿ ಸುತ್ತುವುದು ಒಂದು ದಾರಿ, ಮೆಲ್ಲನೆ ತಿರುಚಿ ಬಿರುಸಾಗಿ ಸುತ್ತುವುದು ಮತ್ತೊಂದು.

ಇವೆರಡೂ ದಾರಿಗಳು ಕಾಗದದ ಮೇಲಿನ ಮಾತಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಸ್ಪ್ರೈಟ್ ಬಂದ ಐದು ವರ್ಷಗಳಿಗೆ, 1963ರಲ್ಲಿ, ಅಲ್ಲಿಯವರೆಗೆ ಮೋಟಾರು ಸೈಕಲ್ಲುಗಳಿಗೆ ಹೆಸರಾಗಿದ್ದ ಜಪಾನಿನ ಹೊಂಡಾ ಸಂಸ್ಥೆ ಎಸ್500 ಎಂಬ ಎರಡಾಸನದ ಕಾರನ್ನು ಹೊರತಂದಿತು. ಅದರ ಎಂಜಿನಿನ ಗಾತ್ರ ಕೇವಲ 531 ಘನ ಸೆಂಟಿಮೀಟರು. ಸ್ಪ್ರೈಟಿನ ಅರ್ಧಕ್ಕಿಂತ ತುಸು ಹೆಚ್ಚು. ಶಕ್ತಿ ಮಾತ್ರ 44, ಸ್ಪ್ರೈಟಿನಷ್ಟೇ. ಎರಡೂ ಕಾರುಗಳ ತೂಕ 700 ಕಿಲೋಗ್ರಾಮಿಗಿಂತ ಕಡಿಮೆ. ಆದರೆ ಸ್ಪ್ರೈಟ್ ತನ್ನ ಪೂರ್ಣ ಶಕ್ತಿಯನ್ನು ನಿಮಿಷಕ್ಕೆ 5200 ಸುತ್ತುಗಳಲ್ಲಿ ಕೊಟ್ಟರೆ, ಹೊಂಡಾ ಕೊಡುತ್ತಿದ್ದುದು 8000 ಸುತ್ತುಗಳಲ್ಲಿ. ಲೆಕ್ಕ ಹಾಕಿ ನೋಡಿದರೆ ಆ ಘಳಿಗೆಯಲ್ಲಿ ಸ್ಪ್ರೈಟಿನ ತಿರುಚುಬಲ ಸುಮಾರು 59 ನ್ಯೂಟನ್ ಮೀಟರು, ಹೊಂಡಾದ್ದು 39. ಒಂದು ಗದ್ದೆಯ ಎತ್ತಾದರೆ ಇನ್ನೊಂದು ಗಾಣಕ್ಕೆ ಸಿಕ್ಕದ ಕರು.

ಎತ್ತು ಎತ್ತಾಗಿರುವುದಕ್ಕೂ ಕರು ಕರುವಾಗಿರುವುದಕ್ಕೂ ಎಂಜಿನಿನ ಮೈಕಟ್ಟೇ ಕಾರಣ. ಸ್ಪ್ರೈಟಿನ ಪಿಸ್ಟನ್ನು ಒಮ್ಮೆ ಕೆಳಗಿಳಿಯಲು 76.2 ಮಿಲಿಮೀಟರು ಓಡಬೇಕು. ಹೊಂಡಾದ ಪಿಸ್ಟನ್ನಿಗೆ 58 ಸಾಕು. ಸುತ್ತುಗಳು ಏರಿದಂತೆಲ್ಲ ಪಿಸ್ಟನ್ನು ಮೇಲೆ ಕೆಳಗೆ ಹಾರುವ ವೇಗವೂ ಏರುತ್ತದೆ, ಕೊಂಡಿಗಳ ಮೇಲಿನ ಜಗ್ಗಾಟವೂ ಏರುತ್ತದೆ. 5200 ಸುತ್ತುಗಳಲ್ಲಿ ಸ್ಪ್ರೈಟಿನ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 13 ಮೀಟರು. ಹೊಂಡಾದ ಪಿಸ್ಟನ್ನು 8000ದಲ್ಲಿ ಸುತ್ತಿದರೂ 15 ಮೀಟರನ್ನು ಸ್ವಲ್ಪವೇ ದಾಟುತ್ತದೆ. ಗಾಳಿ ಒಳಬಂದು ಹೊಗೆ ಹೊರಹೋಗುವ ಕವಾಟಗಳನ್ನು ಸ್ಪ್ರೈಟಿನಲ್ಲಿ ಉದ್ದನೆಯ ಸಲಾಕೆಗಳು ತಳ್ಳಿ ತೆರೆಯಬೇಕು. ಬಿರುಸು ಹೆಚ್ಚಾದರೆ ಅವು ತಾಳ ತಪ್ಪುತ್ತವೆ. ಹೊಂಡಾದಲ್ಲಿ ಕವಾಟಗಳ ತಲೆಯ ಮೇಲೆಯೇ ಎರಡು ಕ್ಯಾಮು ದಂಡಗಳು. ನಾಲ್ಕು ಸಿಲಿಂಡರಿಗೆ ನಾಲ್ಕು ಕಾರ್ಬ್ಯುರೇಟರುಗಳು. ಅದು ಉಸಿರು ಕಟ್ಟದೆ ಓಡಬಲ್ಲುದು.

ಇನ್ನು ಗೇರಿನ ಮಾತು. ಸ್ಪ್ರೈಟಿನ ಗೇರುಪೆಟ್ಟಿಗೆ ಸಂಸಾರಿ ಕಾರಿನದೆಂದು ಹಿಂದೆಯೇ ಹೇಳಿದೆ. ಅದರ ಎರಡನೆಯ ಗೇರಿನ ಪ್ರಮಾಣ 2.374, ಮೂರನೆಯದು 1.412. ನಡುವೆ ಇರುವುದು ಮೆಟ್ಟಿಲಲ್ಲ, ಹಳ್ಳ. ಎರಡನೆಯದರಲ್ಲಿ 5500 ಸುತ್ತಿನವರೆಗೆ ಏರಿಸಿ ಮೂರನೆಯದಕ್ಕೆ ಹಾಕಿದರೆ ಎಂಜಿನು ಒಮ್ಮೆಗೇ 3270ರ ಆಸುಪಾಸಿಗೆ ಇಳಿಯುತ್ತದೆ. ಆದರೆ ಸ್ಪ್ರೈಟ್ ಅತ್ಯಂತ ಬಲವಾಗಿ ತಿರುಚುವುದು 3300 ಸುತ್ತುಗಳಲ್ಲಿಯೇ. ಹಳ್ಳಕ್ಕೆ ಬಿದ್ದ ಎತ್ತಿಗೆ ಕಾಲೂರಲು ಸರಿಯಾಗಿ ಅಲ್ಲಿಯೇ ಬಂಡೆ ಸಿಕ್ಕಿದಂತಾಯಿತು. ಅದೇ ಪೆಟ್ಟಿಗೆಯನ್ನು ಹೊಂಡಾದ ಎಂಜಿನಿಗೆ ಕಟ್ಟಿದ್ದರೆ, ಎರಡನೆಯದರಲ್ಲಿ ಅದನ್ನು 8000ಕ್ಕೆ ಏರಿಸಿ ಮೂರನೆಯದಕ್ಕೆ ಹಾಕಿದವನು 4760ಕ್ಕೆ ಇಳಿದು, ಮತ್ತೆ ಶಕ್ತಿ ಇರುವೆಡೆಗೆ ಮೂರು ಸಾವಿರ ಸುತ್ತುಗಳನ್ನು ಹತ್ತಬೇಕಾಗುತ್ತಿದ್ದಿತು. ಹೀಗೆ ಎಂಜಿನು ಮತ್ತು ಗೇರು ವಧೂವರರಿದ್ದಂತೆ. ಒಬ್ಬೊಬ್ಬರ ಜಾತಕವನ್ನು ಬೇರೆಯಾಗಿ ಹೊಗಳಿ ಫಲವಿಲ್ಲ.

ಸ್ಪ್ರೈಟಿನ ವಂಶ ಬಹುಕಾಲ ಬಾಳಲಿಲ್ಲ. ಅಗ್ಗದ ಓಟದ ಕಾರುಗಳಿಗೆ ಅಮೆರಿಕವೇ ದೊಡ್ಡ ಸಂತೆ. ಅಲ್ಲಿ ಹೊಗೆ ಮತ್ತು ಅಪಘಾತಗಳನ್ನು ಕುರಿತ ನಿಯಮಗಳು ಬಂದಾಗ, ನ್ಯಾಯವಾಗಿಯೇ ಬಂದುವೆನ್ನಬೇಕು, ಹಳೆಯ ಎಂಜಿನುಗಳು ತಡೆದುಕೊಳ್ಳಲಾರದೆ ಹೋದುವು. ಎಂಜಿಬಿ ಎಂಬ ಪ್ರಸಿದ್ಧ ಕಾರಿನ ಎರಡು ಕಾರ್ಬ್ಯುರೇಟರುಗಳನ್ನು ತೆಗೆದು 1975ರ ಹೊತ್ತಿಗೆ ಅಮೆರಿಕದ ಸಲುವಾಗಿ ಒಂದನ್ನೇ ಇರಿಸಿದರು. ಬಂಪರಿನ ಎತ್ತರದ ನಿಯಮಕ್ಕಾಗಿ ಕಾರನ್ನೇ ನೆಲದಿಂದ ಮೇಲೆತ್ತಿದರು. ಉಸಿರೂ ಕಡಿಮೆ, ನಿಲುವೂ ಅಸ್ಥಿರ. 1980ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ನಿಂತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಎಂಜಿ ಕಾರುಗಳ ಮನೆಯಾದ ಆಬಿಂಗ್ಡನ್ ಕಾರ್ಖಾನೆಯ ಬಾಗಿಲೂ ಮುಚ್ಚಿತು. ಕಡಿಮೆ ಸಂಬಳದವನಿಗೆ ಓಟದ ಸುಖ ಇನ್ನಿಲ್ಲವೆಂದು ಜನ ತಿಳಿದರು.

ಆ ಬಾಗಿಲು ಮುಚ್ಚುವುದಕ್ಕೆ ಒಂದು ವರ್ಷ ಮೊದಲೇ, 1979ರಲ್ಲಿ, ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತರು ಜಪಾನಿನ ಮಾಜ್ದಾ ಸಂಸ್ಥೆಯ ಕೆನಿಚಿ ಯಾಮಾಮೊಟೊ ಅವರೊಡನೆ ಮಾತನಾಡುತ್ತ, ಅಂತಹ ಹಗುರವಾದ, ತೆರೆದ, ಅಗ್ಗದ ಕಾರನ್ನು ಯಾರಾದರೂ ಮತ್ತೆ ಮಾಡಬೇಕೆಂದು ಸೂಚಿಸಿದ್ದರು. ಆ ಮಾತು ಬೀಜದಂತೆ ಹತ್ತು ವರ್ಷ ನೆಲದಲ್ಲಿದ್ದು, 1989ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಎಂಎಕ್ಸ್-5 ಮಿಯಾಟಾ ಆಗಿ ಮೇಲೆದ್ದಿತು. ಅಮೆರಿಕದಲ್ಲಿ ಅದರ ಬೆಲೆ 13,800 ಡಾಲರು. ಇದರ 1597 ಘನ ಸೆಂಟಿಮೀಟರಿನ ಎಂಜಿನೂ ಸಂಸಾರಿ ಕಾರಿನ ಕುಲದ್ದೇ. ಶಕ್ತಿ 116, ಅದೂ 6500 ಸುತ್ತುಗಳಲ್ಲಿ. ಅತಿಹೆಚ್ಚಿನ ತಿರುಚುಬಲ 136 ನ್ಯೂಟನ್ ಮೀಟರು, 5500 ಸುತ್ತುಗಳಲ್ಲಿ. ಕಾಗದದ ಮೇಲೆ ಇದು ಬೆರಗು ಹುಟ್ಟಿಸುವ ಅಂಕಿಯಲ್ಲ.

ಆದರೆ ಅದರ ಮುಖ್ಯ ಯಂತ್ರಶಿಲ್ಪಿ ತೊಶಿಹಿಕೊ ಹಿರಾಯ್ ತಮ್ಮ ತಂಡಕ್ಕೆ ಕೊಟ್ಟ ಮಂತ್ರ ಅಂಕಿಯದಾಗಿರಲಿಲ್ಲ. ‘ಜಿನ್ಬಾ ಇತ್ತಾಯ್’ ಎಂಬುದೇ ಆ ಮಂತ್ರ. ಸವಾರನೂ ಕುದುರೆಯೂ ಒಂದೇ ದೇಹವೆಂದು ಅದರ ಅರ್ಥ. ಓಡುವ ಕುದುರೆಯ ಮೇಲಿಂದ ಬಾಣ ಬಿಡುವ ಜಪಾನಿನ ಬಿಲ್ಲುಗಾರರ ವಿದ್ಯೆಯೊಡನೆ ಸೇರಿಕೊಂಡು ಬಂದ ಮಾತು ಅದು. ನಳನು ಕೇಳಿದ್ದರೆ ತಲೆದೂಗುತ್ತಿದ್ದನು.

ಆ ಮಂತ್ರ ಹಲ್ಲಿನ ಚಕ್ರಗಳಲ್ಲಿ ಹೇಗೆ ಮೈದಾಳಿತೆಂಬುದನ್ನು ನೋಡಬೇಕು. ಹಿಂಭಾಗದ ಅಚ್ಚಿನ ಗೇರು 4.3. ಅದರೊಡನೆ ಪೆಟ್ಟಿಗೆಯ ಮೊದಲನೆಯ ಗೇರು 3.136ನ್ನು ಗುಣಿಸಿದರೆ ಸುಮಾರು 13.5, ಐದನೆಯ 0.814ನ್ನು ಗುಣಿಸಿದರೆ 3.5. ಅಂದರೆ 136ರ ತಿರುಚುಬಲ ಘರ್ಷಣೆಯ ನಷ್ಟವನ್ನು ಬಿಟ್ಟರೆ ಮೊದಲನೆಯ ಗೇರಿನಲ್ಲಿ ಚಕ್ರಗಳನ್ನು ಮುಟ್ಟುವಾಗ 1800ನ್ನು ಮೀರುತ್ತದೆ. ಐದನೆಯದರಲ್ಲಿ 480ನ್ನೂ ಮುಟ್ಟುವುದಿಲ್ಲ. ಬಡಕಲು ಕುದುರೆಯ ಎಲುಬಿನಲ್ಲಿ ಬಲ ಎಲ್ಲಿಂದ ಬಂದಿತೆಂದು ಕೇಳುವ ಋತುಪರ್ಣನಿಗೆ ಇದು ಒಂದು ಉತ್ತರ. ಇನ್ನೊಂದು ಉತ್ತರ, ಗೇರುಗಳ ನಡುವಣ ಮೆಟ್ಟಿಲುಗಳಲ್ಲಿದೆ. ಮೂರನೆಯದು 1.33, ನಾಲ್ಕನೆಯದು 1. ಮೂರನೆಯದರಲ್ಲಿ 7000ದವರೆಗೆ ಓಡಿಸಿ ನಾಲ್ಕಕ್ಕೆ ಹಾಕಿದವನ ಎಂಜಿನು ಇಳಿಯುವುದು 5260ರ ಸಮೀಪಕ್ಕೆ. ಎಂಜಿನು ಅತ್ಯಂತ ಉತ್ಸಾಹದಿಂದಿರುವ ಜಾಗವೂ ಅದೇ. ಸ್ಪ್ರೈಟಿನ ಹಳ್ಳ ಇಲ್ಲಿಲ್ಲ. ಎಚ್ಚರದಿಂದ ಕಟ್ಟಿದ ಬಾವಿಯ ಮೆಟ್ಟಿಲಿನಂತೆ ಒಂದೊಂದು ಹೆಜ್ಜೆಗೂ ಕಾಲಿಗೆ ಕಲ್ಲು ಸಿಕ್ಕುತ್ತದೆ.

ಇದರ ಬೆಲೆಯನ್ನೂ ಕೊಡಲೇಬೇಕು. ಐದನೆಯ ಗೇರಿನಲ್ಲಿ ಗಂಟೆಗೆ 100 ಕಿಲೋಮೀಟರು ಹೋಗುವಾಗ ಈ ಕಾರಿನ ಎಂಜಿನು ಸುಮಾರು 3200 ಸುತ್ತು ಸುತ್ತುತ್ತಿರುತ್ತದೆ. ದೂರದ ಹೆದ್ದಾರಿಯಲ್ಲಿ ಅದರ ಗುಂಯ್‌ಗುಟ್ಟುವಿಕೆ ಕಿವಿಯನ್ನು ಬಿಡುವುದಿಲ್ಲ. ಎಣ್ಣೆಯೂ ತುಸು ಹೆಚ್ಚು ಬೇಕು. ಸನ್ನೆಗೋಲಿನ ಲೆಕ್ಕದಲ್ಲಿ ಮೋಸವಿಲ್ಲವೆಂದು ಮೊದಲೇ ಹೇಳಿದುದು ಇದಕ್ಕಾಗಿ.

ಈ ಲೆಕ್ಕ ಎಷ್ಟು ನವುರಾದುದೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. 2012ರಲ್ಲಿ ಟೊಯೋಟಾ ಮತ್ತು ಸುಬಾರು ಸಂಸ್ಥೆಗಳು ಕೂಡಿ ಟೊಯೋಟಾ 86 ಮತ್ತು ಬಿಆರ್‌ಝಡ್ ಎಂಬ ಅವಳಿ ಕಾರುಗಳನ್ನು ತಂದುವು. ಎಂಜಿನಿನ ಸಿಲಿಂಡರಿನ ವ್ಯಾಸವೂ 86 ಮಿಲಿಮೀಟರು, ಪಿಸ್ಟನ್ನಿನ ಓಟವೂ 86. ಸುಮಾರು 200 ಅಶ್ವಶಕ್ತಿ, 7000 ಸುತ್ತುಗಳಲ್ಲಿ. ಎಲ್ಲವೂ ಚೆನ್ನ, ಆದರೆ 3500ರಿಂದ 4500 ಸುತ್ತುಗಳ ನಡುವೆ ಎಂಜಿನಿನ ತಿರುಚುಬಲ ಏರುವ ಬದಲು ಬಳುಕಿ ಇಳಿಯುತ್ತಿದ್ದಿತು. ಅಂಕಿ ಅಂಶಗಳ ಕೋಷ್ಟಕದಲ್ಲಿ ಕಾಣದ ಈ ದೋಷ ಓಡಿಸುವವನ ಬೆನ್ನಿಗೆ ಮಾತ್ರ ತಿಳಿಯುವಂತಹುದು. ಮುಂದಿನ ಬಂಡಿಯನ್ನು ದಾಟಬೇಕೆಂದು ತುಳಿದ ಕ್ಷಣದಲ್ಲಿ ಕಾರು ಯೋಚಿಸಿದಂತೆ ಆಗುತ್ತಿದ್ದಿತು.

2017ರ ಮಾದರಿಯಲ್ಲಿ ಯಂತ್ರಜ್ಞರು ಕೊಟ್ಟ ಮದ್ದುಗಳಲ್ಲಿ ಗೇರಿನದೂ ಒಂದು: ಹಿಂಭಾಗದ ಗೇರನ್ನು 4.1ರಿಂದ 4.3ಕ್ಕೆ ಬದಲಿಸಿದರು. ಚಕ್ರಕ್ಕೆ ಮುಟ್ಟುವ ಬಲ ನೂರಕ್ಕೆ ಸುಮಾರು 5ರಷ್ಟು ಹೆಚ್ಚಿತು. ಎಂಜಿನು ತಗ್ಗಿನಿಂದ ಅಷ್ಟು ಬೇಗ ಪಾರಾಗತೊಡಗಿತು. ಆದರೆ ತಗ್ಗು ತಗ್ಗಾಗಿಯೇ ಉಳಿಯಿತು. 2021ರಲ್ಲಿ ಹೊಸ ಪೀಳಿಗೆ ಬಂದಾಗ ಸಿಲಿಂಡರಿನ ವ್ಯಾಸವನ್ನು 94 ಮಿಲಿಮೀಟರಿಗೆ ಹಿಗ್ಗಿಸಿದರು. ಅತಿಹೆಚ್ಚಿನ ತಿರುಚುಬಲ 3700 ಸುತ್ತುಗಳಿಗೇ, ಹಳೆಯ ತಗ್ಗಿದ್ದ ಜಾಗಕ್ಕೇ, ಬಂದು ನಿಂತಿತು. ಆಗ ಹಿಂಭಾಗದ ಗೇರನ್ನು ಮತ್ತೆ 4.1ಕ್ಕೆ ಇಳಿಸಲು ಸಾಧ್ಯವಾಯಿತು. ಗೇರು ಮರೆಸಬಲ್ಲುದೇ ಹೊರತು ಗುಣಪಡಿಸಲಾರದು. ಗುಣಪಡಿಸುವುದು ಎಂಜಿನಿನ ಕೆಲಸ.

ನಳನ ಕತೆಯಲ್ಲಿ ಇನ್ನೂ ಒಂದು ಘಟನೆ ಇದೆ. ದಾರಿಯಲ್ಲಿ ಋತುಪರ್ಣನು ಒಂದು ತಾರೆಯ ಮರವನ್ನು ನೋಡಿ ಅದರ ಎಲೆಗಳನ್ನೂ ಕಾಯಿಗಳನ್ನೂ ಕ್ಷಣದಲ್ಲಿ ಎಣಿಸಿ ಹೇಳುತ್ತಾನೆ. ನಳನು ರಥ ನಿಲ್ಲಿಸಿ, ಮರವನ್ನೇ ಕಡಿದು ಎಣಿಸಿ ನೋಡಿ, ಲೆಕ್ಕ ಸರಿಯಾಗಿರುವುದನ್ನು ಕಂಡು ಬೆರಗಾಗುತ್ತಾನೆ. ಕೊನೆಗೆ ಇಬ್ಬರೂ ವಿದ್ಯೆಗಳನ್ನು ಬದಲಾಯಿಸಿಕೊಳ್ಳುತ್ತಾರೆ: ರಾಜನಿಗೆ ಅಶ್ವಹೃದಯ, ಸಾರಥಿಗೆ ಅಕ್ಷಹೃದಯ. ಅಗ್ಗದ ಓಟದ ಕಾರನ್ನು ಕಟ್ಟುವವನಿಗೆ ಈ ಎರಡೂ ವಿದ್ಯೆ ಬೇಕು. 2015ರಲ್ಲಿ ಬಂದ ನಾಲ್ಕನೆಯ ಪೀಳಿಗೆಯ ಎಂಎಕ್ಸ್-5ರಲ್ಲಿ ಆರನೆಯ ಗೇರನ್ನು ನೇರವಾಗಿ 1ಕ್ಕೆ ಇಟ್ಟು, ಹಿಂಭಾಗದ ಗೇರನ್ನು 2.866ಕ್ಕೆ ಇಳಿಸಿದರು. ನೇರ ಗೇರಿನಲ್ಲಿ ಪೆಟ್ಟಿಗೆಯೊಳಗಿನ ಹಲ್ಲುಗಳ ತಿಕ್ಕಾಟದಲ್ಲಿ ಬಲ ಪೋಲಾಗುವುದು ಕಡಿಮೆ. ಮೂರು ವರ್ಷಗಳ ತರುವಾಯ ಅದರ ಎರಡು ಲೀಟರಿನ ಎಂಜಿನಿನ ಒಂದೊಂದು ಪಿಸ್ಟನ್ನನ್ನೂ 27 ಗ್ರಾಂ ಹಗುರ ಮಾಡಿ, ಒಂದೊಂದು ಕೊಂಡಿಯಿಂದ 41 ಗ್ರಾಂ ಕೆತ್ತಿ ತೆಗೆದರು. ಫಲವಾಗಿ ಎಂಜಿನಿನ ಸುತ್ತುಗಳ ಮಿತಿ 6800ರಿಂದ 7500ಕ್ಕೆ ಏರಿತು. ಒಂದು ಹಿಡಿ ಅವಲಕ್ಕಿಯಷ್ಟು ಲೋಹವನ್ನು ಕಳೆದುದರಿಂದ ಕುದುರೆಯ ಉಸಿರು ಅಷ್ಟು ದೂರ ಬೆಳೆಯಿತು.

ಇಷ್ಟೆಲ್ಲ ಶ್ರಮ ಯಾರಿಗಾಗಿ, ಯಾವುದಕ್ಕಾಗಿ ಎಂಬ ಪ್ರಶ್ನೆ ಏಳದೆ ಇರದು. ಐನೂರು ಅಶ್ವಶಕ್ತಿಯ ಕಾರನ್ನು ಕೊಂಡ ಧನಿಕನು ಎರಡನೆಯ ಗೇರಿನ ತುದಿಯನ್ನು ಮುಟ್ಟುವುದರೊಳಗಾಗಿ ಸಾಮಾನ್ಯವಾಗಿ ಹಲವು ದೇಶಗಳ ಹೆದ್ದಾರಿ ಕಾನೂನನ್ನು ಮುರಿದಿರುತ್ತಾನೆ. ಉಳಿದ ಗೇರುಗಳ ಪೂರ್ತಿ ಬಲ ಅವನಿಗೆ ಭಂಡಾರದಲ್ಲಿಟ್ಟ ಒಡವೆ; ಇದೆಯೆಂಬ ತೃಪ್ತಿ ಮಾತ್ರ. ಸಣ್ಣ ಕಾರಿನವನಾದರೋ ಮೊದಲನೆಯ ಗೇರನ್ನು ಕಡೆಯವರೆಗೆ ಓಡಿಸುತ್ತಾನೆ, ಎರಡನೆಯದನ್ನೂ ಓಡಿಸುತ್ತಾನೆ. ಹಳೆಯ ಮಿಯಾಟಾದಲ್ಲಿ ಎರಡನೆಯದರ ತುದಿ ಗಂಟೆಗೆ ಸುಮಾರು 93 ಕಿಲೋಮೀಟರು. ತನ್ನ ಕಾರಿನಲ್ಲಿರುವುದೆಲ್ಲವನ್ನೂ ಅವನು ಬಳಸಿದ್ದಾನೆ. ಯಾರ ಪ್ರಾಣಕ್ಕೂ ಎರವಾಗಿಲ್ಲ. ಕೊಂಡುದನ್ನು ಪೂರ್ತಿಯಾಗಿ ಉಪಯೋಗಿಸುವ ಭಾಗ್ಯ ಈ ಲೋಕದಲ್ಲಿ ಬಹುಮಟ್ಟಿಗೆ ಅಲ್ಪವಂತರದೇ. 2016ರ ಏಪ್ರಿಲಿನಲ್ಲಿ ಹತ್ತು ಲಕ್ಷದ ಎಂಎಕ್ಸ್-5 ತಯಾರಾಗಿ ಹೊರಬಂದಿತೆಂದರೆ, ಆ ಭಾಗ್ಯವನ್ನು ಬಯಸಿದವರು ಕಡಿಮೆಯಲ್ಲವೆಂದಾಯಿತು.

ಈಗ ವಿದ್ಯುತ್ತಿನ ಕಾರುಗಳು ಬರುತ್ತಿವೆ. ವಿದ್ಯುತ್ ಮೋಟಾರು ನಿಂತಲ್ಲಿಯೇ ತನ್ನ ಪೂರ್ಣ ಬಲದಿಂದ ತಿರುಚಬಲ್ಲುದು; ಸುತ್ತುಗಳ ವ್ಯಾಪ್ತಿಯೂ ವಿಶಾಲ. ಆದುದರಿಂದ ಅಂತಹ ಬಹುಪಾಲು ಕಾರುಗಳಿಗೆ ಒಂದೇ ಗೇರು ಸಾಕು. ಹಳ್ಳವಿಲ್ಲ, ಮೆಟ್ಟಿಲಿಲ್ಲ, ತಗ್ಗಿಲ್ಲ. ವೇಗದಲ್ಲಿ ಅದು ಸ್ಪ್ರೈಟನ್ನೂ ಮಿಯಾಟಾವನ್ನೂ ನಾಚಿಸುತ್ತದೆ, ಹೊಗೆಯನ್ನು ಉಗುಳುವುದಿಲ್ಲ. ಅದನ್ನು ದೂರುವುದು ಅವಿವೇಕ. ಆದರೆ ಬಲದ ಕೊರತೆಯನ್ನು ಕೈಚಳಕದಿಂದ ತುಂಬಿಕೊಳ್ಳುವ ಸಂದರ್ಭವೂ ಅದರೊಡನೆಯೇ ಹೋಗುತ್ತದೆ. ಎಂಜಿನಿನ ಸ್ವರವನ್ನು ಕೇಳಿ, ಇದೇ ಸಮಯವೆಂದು ಕ್ಲಚ್ಚು ತುಳಿದು, ಬೆರಳ ತುದಿಯಲ್ಲಿ ಹಲ್ಲುಗಳು ಕೂಡಿದುದನ್ನು ಅರಿಯುವ ಆ ಅರ್ಧ ಸೆಕೆಂಡಿನಲ್ಲಿ ಚಾಲಕನು ಪ್ರಯಾಣಿಕನಾಗಿ ಉಳಿಯದೆ ಸಾರಥಿಯಾಗುತ್ತಿದ್ದನು.

ಆ ಅರ್ಧ ಸೆಕೆಂಡಿಗಾಗಿ ಇಂದಿಗೂ ಕೆಲವರು ತಿಂಗಳು ತಿಂಗಳೂ ಹಣ ಕೂಡಿಡುತ್ತಾರೆ. ಇಂಗ್ಲೆಂಡಿನಲ್ಲಿ ಅರುವತ್ತು ದಾಟಿದ ಕಪ್ಪೆಗಣ್ಣಿನ ಸ್ಪ್ರೈಟುಗಳನ್ನು ಬಿಡುವಿನ ದಿನ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಹಳ್ಳಿಯ ಹಾದಿಗಳಲ್ಲಿ ಓಡಿಸುವವರಿದ್ದಾರೆ. ಹಿಂದಿನಿಂದ ಬಂದ ಕಾರುಗಳೆಲ್ಲ ಅವರನ್ನು ದಾಟಿ ಹೋಗುತ್ತವೆ. ಅವರು ದಾರಿ ಬಿಟ್ಟು, ಮುಂದಿನ ತಿರುವಿಗೆ ಮೊದಲು ಮೂರರಿಂದ ಎರಡಕ್ಕೆ ಗೇರು ಇಳಿಸುತ್ತಾರೆ.